ಸುಡದ ಹೆಣದ ಸುತ್ತ: ‘ಸಂಸ್ಕಾರ’ದಲ್ಲಿ ಸಂಕೇತ ಮತ್ತು ಅನ್ಯೋಕ್ತಿ

1

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೆ ಕನ್ನಡದ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಅತಿ ಹೆಚ್ಚು ಚರ್ಚೆಗೆ ಒಳಗಾದ ಕಾದಂಬರಿಗಳ ಸಾಲಿನಲ್ಲಿ ಅದು ನಿಂತಿದೆ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದಲ್ಲಿ ಚಲನಚಿತ್ರವಾಗಿ, 1976ರಲ್ಲಿ ಎ. ಕೆ. ರಾಮಾನುಜನ್ನರ ಇಂಗ್ಲಿಷ್ ಅನುವಾದವಾಗಿ ಅದು ಕನ್ನಡದ ಗಡಿಯನ್ನು ದಾಟಿತು. ಗಡಿ ದಾಟಿದ ಕೃತಿಗೆ ಒಂದು ವಿಚಿತ್ರ ಗತಿ ಒದಗುವುದುಂಟು. ಅದರ ಊರು, ಜಾತಿ, ಆಚಾರ, ಹಸಿವು ಇವೆಲ್ಲ ಹಿಂದೆ ಸರಿದು, ಎಲ್ಲಿಗೂ ಎಂದಿಗೂ ಸಲ್ಲುವ ಒಂದು ಆಧ್ಯಾತ್ಮಿಕ ಕಥೆಯಷ್ಟೇ ಉಳಿದುಬಿಡುತ್ತದೆ. ‘ಸಂಸ್ಕಾರ’ದ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಪ್ರಾಣೇಶಾಚಾರ್ಯ ಎಂಬ ಜ್ಞಾನಿ ತನ್ನ ಅಹಂಕಾರವನ್ನು ಕಳಚಿಕೊಂಡು ಹೊಸ ಹುಟ್ಟಿಗೆ ಸಿದ್ಧನಾಗುವ ಅನ್ಯೋಕ್ತಿಯೆಂದು ಅದನ್ನು ಓದುವ ರೂಢಿ ಬಲವಾಗಿ ಬೇರೂರಿದೆ.

ಈ ಓದಿಗೆ ಕೃತಿಯಲ್ಲಿ ಆಧಾರವಿಲ್ಲವೆಂದು ಹೇಳಲಾಗದು. ಆದರೆ ಅದನ್ನೇ ಪೂರ್ಣವೆಂದು ಒಪ್ಪಿದರೆ ಚಂದ್ರಿ, ಬೆಳ್ಳಿ, ಅಹಮದ್ ಬ್ಯಾರಿ, ಹೊಲಗೇರಿಯ ಸತ್ತವರು ಇವರೆಲ್ಲ ಆಚಾರ್ಯನ ಆತ್ಮಯಾತ್ರೆಯ ಮೆಟ್ಟಿಲುಗಳಾಗಿ ಮಾತ್ರ ಉಳಿಯುತ್ತಾರೆ. ಮನುಷ್ಯರನ್ನು ಸಂಕೇತವಾಗಿಸುವುದು ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ಪ್ರಶ್ನೆ ಈ ಕಾದಂಬರಿಯ ಮಟ್ಟಿಗೆ ಕೇವಲ ಸಾಹಿತ್ಯತಂತ್ರದ ಪ್ರಶ್ನೆಯಾಗಿ ಉಳಿಯದೆ ಸಾಮಾಜಿಕ ನ್ಯಾಯದ ಪ್ರಶ್ನೆಯೂ ಆಗುತ್ತದೆ. ಕೃತಿಯ ಮುಖ್ಯ ಸಂಕೇತಗಳನ್ನು ಒಂದೊಂದಾಗಿ ನೋಡಿ, ಅವು ಎಲ್ಲಿ ಅನ್ಯೋಕ್ತಿಯ ಚೌಕಟ್ಟಿಗೆ ಹೊಂದುತ್ತವೆ, ಎಲ್ಲಿ ಅದನ್ನು ಒಡೆಯುತ್ತವೆ ಎಂಬುದನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ.

2

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ಅಲಿಗರಿ ಎಂಬ ಪಾಶ್ಚಾತ್ಯ ಪರಿಕಲ್ಪನೆಗೆ ಕನ್ನಡ ವಿಮರ್ಶೆಯಲ್ಲಿ ಅನ್ಯೋಕ್ತಿ, ರೂಪಕಕಥೆ ಎಂಬ ಪದಗಳು ಬಳಕೆಯಲ್ಲಿವೆ. ಅನ್ಯೋಕ್ತಿಯಲ್ಲಿ ಎರಡು ಕಥೆಗಳಿರುತ್ತವೆ. ಮೇಲೆ ಕಾಣುವ ಕಥೆ ಒಂದು. ಅದರ ಅಡಿಯಲ್ಲಿ ಸಮಾನಾಂತರವಾಗಿ ಸಾಗುವ ತತ್ತ್ವದ ಕಥೆ ಇನ್ನೊಂದು. ಮೇಲಿನ ಒಂದೊಂದು ಅಂಶಕ್ಕೂ ಕೆಳಗಿನ ಒಂದೊಂದು ಅಂಶ ಉತ್ತರವಾಗಿ ನಿಲ್ಲುತ್ತದೆ. ಕೃಷ್ಣಮಿಶ್ರನ ಸಂಸ್ಕೃತ ನಾಟಕ ‘ಪ್ರಬೋಧಚಂದ್ರೋದಯ’ ಇದಕ್ಕೆ ನಮ್ಮ ಪರಂಪರೆಯ ಪ್ರಸಿದ್ಧ ನಿದರ್ಶನ. ಅಲ್ಲಿ ವಿವೇಕ, ಮಹಾಮೋಹ ಮೊದಲಾದ ಗುಣಗಳೇ ಪಾತ್ರಗಳಾಗಿ ರಂಗಕ್ಕೆ ಬರುತ್ತವೆ. ಅರ್ಥ ದೊರೆತೊಡನೆ ಪಾತ್ರದ ಕೆಲಸ ಮುಗಿಯುತ್ತದೆ.

ಸಂಕೇತದ ನಡೆ ಬೇರೆ. ಅದು ಮೊದಲು ತಾನು ಏನೋ ಅದಾಗಿಯೇ ಇರುತ್ತದೆ. ಹೂವು ಹೂವಾಗಿದ್ದುಕೊಂಡೇ ಹೂವಿಗಿಂತ ಹೆಚ್ಚಿನದನ್ನು ಹೊಳೆಯಿಸುತ್ತದೆ. ಆನಂದವರ್ಧನನ ಧ್ವನಿತತ್ತ್ವವನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ಇದು ಹೊಸದಲ್ಲ. ವ್ಯಂಗ್ಯಾರ್ಥ ಪ್ರಧಾನವಾಗಿದ್ದರೂ ಅದಕ್ಕೆ ವಾಚ್ಯಾರ್ಥವೇ ದಾರಿ. ಬೆಳಕು ಬೇಕಾದವನು ದೀಪದ ಕುಡಿಯನ್ನು ಜತನ ಮಾಡಬೇಕು. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ದುಡಿ ಇಂಥ ಸಂಕೇತ. ಅದು ಚೋಮನ ಕೋಪ, ದುಃಖ, ಬೇಸಾಯದ ಆಸೆ ಎಲ್ಲಕ್ಕೂ ದನಿಯಾಗುತ್ತದೆ. ಆದರೆ ದುಡಿ ಎಂದರೆ ಇಂಥದೇ ಎಂದು ಒಂದು ಅರ್ಥವನ್ನು ಅದಕ್ಕೆ ಕಟ್ಟಿಹಾಕಲು ಬರುವುದಿಲ್ಲ.

ಕನ್ನಡದ ಸಾಮಾಜಿಕ ಕಾದಂಬರಿ ಅನ್ಯೋಕ್ತಿಯ ನೆರಳಿನಲ್ಲಿಯೇ ಹುಟ್ಟಿತೆಂಬುದನ್ನು ಇಲ್ಲಿ ನೆನೆಯಬಹುದು. ಗುಲ್ವಾಡಿ ವೆಂಕಟರಾಯರು 1899ರಲ್ಲಿ ‘ಇಂದಿರಾಬಾಯಿ’ಯನ್ನು ಪ್ರಕಟಿಸಿದಾಗ ಅದಕ್ಕೆ ‘ಸದ್ಧರ್ಮ ವಿಜಯವು’ ಎಂಬ ಇನ್ನೊಂದು ಹೆಸರನ್ನೂ ಇಟ್ಟರು. ವ್ಯಕ್ತಿಯ ಹೆಸರು ಒಂದು, ತತ್ತ್ವದ ಹೆಸರು ಇನ್ನೊಂದು. ನವೋದಯ, ಪ್ರಗತಿಶೀಲ ಘಟ್ಟಗಳನ್ನು ದಾಟಿ ನವ್ಯಕ್ಕೆ ಬರುವ ಹೊತ್ತಿಗೆ ತತ್ತ್ವದ ಹೆಸರು ಶೀರ್ಷಿಕೆಯಿಂದ ಮರೆಯಾಗಿ ಭಾಷೆಯ ಒಳಗೆ ಇಳಿದಿತ್ತು. ‘ಸಂಸ್ಕಾರ’ ಎಂಬ ಒಂದೇ ಪದದಲ್ಲಿ ಶವಸಂಸ್ಕಾರ, ಷೋಡಶಕರ್ಮಗಳು, ಶುದ್ಧೀಕರಣ, ಪೂರ್ವಕರ್ಮದ ವಾಸನೆ, ಸಂಸ್ಕೃತಿ ಈ ಎಲ್ಲ ಅರ್ಥಗಳೂ ಅಡಗಿವೆ. ಕಾದಂಬರಿ ಈ ಅರ್ಥಗಳನ್ನು ಒಂದಕ್ಕೊಂದು ಎದುರಾಗಿ ನಿಲ್ಲಿಸುತ್ತದೆ. ಸಂಸ್ಕಾರವಂತರೆನಿಸಿದವರು ಒಂದು ಸಂಸ್ಕಾರವನ್ನು ಮಾಡಲಾರದೆ ಹೋಗುವುದೇ ಅದರ ಕಥಾವಸ್ತು.

3

ಅನ್ಯೋಕ್ತಿಯ ಓದನ್ನು ಪ್ರೇರೇಪಿಸುವ ಅಂಶಗಳು ಮೊದಲ ಪುಟಗಳಲ್ಲಿಯೇ ದೊರೆಯುತ್ತವೆ. ಅಗ್ರಹಾರದ ಹೆಸರು ದೂರ್ವಾಸಪುರ. ಕೋಪಕ್ಕೂ ಶಾಪಕ್ಕೂ ಹೆಸರಾದ ಋಷಿಯ ಊರು. ನೆರೆಯ ಸ್ಮಾರ್ತರ ಊರು ಪಾರಿಜಾತಪುರ. ದೇವಲೋಕದ ಹೂವಿನ ಊರು. ನಾಯಕನು ಪ್ರಾಣಕ್ಕೆ ಈಶನಾದವನು. ಹಾಸಿಗೆ ಹಿಡಿದ ಅವನ ಹೆಂಡತಿ ಭಾಗೀರಥಿ; ಪಾಪ ತೊಳೆಯುವ ನದಿಯ ಹೆಸರನ್ನು ಹೊತ್ತವಳು. ಅವಳ ಸೇವೆಯೇ ತನ್ನ ಮೋಕ್ಷಸಾಧನೆಯೆಂದು ಆಚಾರ್ಯನು ನಂಬಿದ್ದಾನೆ. ಇವನಿಗೆ ಎದುರಾಗಿ ನಾರಣಪ್ಪ. ಒಬ್ಬನು ನಿಗ್ರಹ, ಇನ್ನೊಬ್ಬನು ಭೋಗ. ಒಬ್ಬನ ಮನೆಯಲ್ಲಿ ತಾಳೆಗರಿ, ಇನ್ನೊಬ್ಬನ ಮನೆಯಲ್ಲಿ ಹೆಂಡ. ಹೀಗೆ ಎರಡು ಕಂಬಗಳನ್ನು ನೆಟ್ಟು ನಡುವೆ ಹಗ್ಗ ಬಿಗಿದಂತೆ ಕಥೆ ಕಾಣುತ್ತದೆ.

ಈ ಸಂದರ್ಭದಲ್ಲಿ ಕೃತಿಯ ಹುಟ್ಟಿನ ಬಗ್ಗೆ ಲೇಖಕರು ಹೇಳಿಕೊಂಡಿರುವ ಸಂಗತಿ ಗಮನಾರ್ಹ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಅವರು ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ (1957) ಚಿತ್ರವನ್ನು ನೋಡಿದರು. ಮಧ್ಯಯುಗದ ಯೂರೋಪಿನ ಪ್ಲೇಗಿನ ಹಿನ್ನೆಲೆಯಲ್ಲಿ ಒಬ್ಬ ಯೋಧ ಸಾವಿನೊಡನೆ ಚದುರಂಗ ಆಡುವ ಆ ಚಿತ್ರ ಶುದ್ಧ ಅನ್ಯೋಕ್ತಿ. ಅದು ಅವರಲ್ಲಿ ಎಚ್ಚರಿಸಿದ್ದು ಬಾಲ್ಯದಲ್ಲಿ ಕಂಡ ಮಲೆನಾಡಿನ ಅಗ್ರಹಾರದ ನೆನಪನ್ನು. ಅನಂತಮೂರ್ತಿಯವರು 1932ರಲ್ಲಿ ಹುಟ್ಟಿದ್ದು ತೀರ್ಥಹಳ್ಳಿ ತಾಲೂಕಿನ ಮೇಳಿಗೆಯಲ್ಲಿ. ಕಾದಂಬರಿಯ ಕೊನೆಯ ಭಾಗದಲ್ಲಿ ಆಚಾರ್ಯನು ತಲಪುವ ರಥೋತ್ಸವದ ಊರೂ ಮೇಳಿಗೆಯೇ. ಹೊರಗಿನಿಂದ ಬಂದದ್ದು ಅನ್ಯೋಕ್ತಿಯ ಪ್ರೇರಣೆ, ಒಳಗಿನಿಂದ ಬಂದದ್ದು ಊರಿನ ಮಣ್ಣು. ಇವೆರಡರ ಘರ್ಷಣೆಯೇ ಕೃತಿಯ ಶಕ್ತಿಯೆಂದು ಹೇಳಬಹುದು.

4

ಕಾದಂಬರಿಯ ಕೇಂದ್ರ ಸಂಕೇತ ನಾರಣಪ್ಪನ ಹೆಣ. ಶಿವಮೊಗ್ಗೆಗೆ ಹೋಗಿ ಜ್ವರ ಹತ್ತಿಸಿಕೊಂಡು ಬಂದ ನಾರಣಪ್ಪ ಸಾಯುತ್ತಾನೆ. ಅವನಿಗೆ ಮಕ್ಕಳಿಲ್ಲ. ಬದುಕಿದ್ದಾಗ ಅವನು ಸಾಲಿಗ್ರಾಮವನ್ನು ನದಿಗೆ ಎಸೆದವನು, ದೇವರ ಹೊಂಡದ ಮೀನು ಹಿಡಿದವನು, ಮುಸಲ್ಮಾನರೊಡನೆ ಕೂತು ಉಂಡವನು, ಕೈಹಿಡಿದವಳನ್ನು ಬಿಟ್ಟು ಕುಂದಾಪುರದ ಚಂದ್ರಿಯೊಡನೆ ಸಂಸಾರ ನಡೆಸಿದವನು. ಆದರೂ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹಾಕಿದರೆ ಮುಸಲ್ಮಾನನಾಗುತ್ತೇನೆಂದು ಅವನು ಬೆದರಿಸಿದ್ದ. ಹಾಗಾಗಿ ಶಾಸ್ತ್ರದ ಪ್ರಕಾರ ಅವನು ಬ್ರಾಹ್ಮಣನಾಗಿಯೇ ಸತ್ತಿದ್ದಾನೆ. ನಡತೆಯ ಪ್ರಕಾರ ಅಲ್ಲ. ಶವ ಮನೆಯಲ್ಲಿರುವಷ್ಟು ಹೊತ್ತು ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ, ದೇವರಿಗೆ ಪೂಜೆಯಿಲ್ಲ.

ಈ ನಿಯಮವನ್ನು ಅರಿಯದ ಓದುಗನಿಗೆ ಹೆಣ ಒಂದು ಭೀಕರ ಪ್ರತಿಮೆಯಾಗಿ ಮಾತ್ರ ಕಾಣಬಹುದು. ಮಡಿ-ಮೈಲಿಗೆಗಳ ಪರಿಚಯವಿಲ್ಲದೆ ಮುಂಬಯಿ, ಪುಣೆ, ದೆಹಲಿಗಳಲ್ಲಿ ಬೆಳೆದ ಕನ್ನಡ ವಿದ್ಯಾರ್ಥಿಗೆ ಈ ಅಂಶವನ್ನು ಮೊದಲು ಬಿಡಿಸಿ ಹೇಳಬೇಕಾಗುತ್ತದೆ. ಏಕೆಂದರೆ ಸಂಕೇತದ ಬಲವಿರುವುದು ಈ ವಾಸ್ತವದಲ್ಲಿಯೇ. ಬದುಕಿದ್ದಾಗ ಅಗ್ರಹಾರವನ್ನು ಅಲುಗಿಸಲಾರದ ನಾರಣಪ್ಪ ಸತ್ತು ಅದರ ಒಲೆಗಳನ್ನು ಆರಿಸುತ್ತಾನೆ. ಹೆಣ ಕೊಳೆಯುತ್ತಿರುವುದು ಒಂದು ಮನೆಯಲ್ಲಿ. ನಾತ ಹರಡುವುದು ಎಲ್ಲರ ಮನೆಗೆ. ಹಸಿವು ತಾಳಲಾರದೆ ದಾಸಾಚಾರ್ಯನು ಪಾರಿಜಾತಪುರದ ಮಂಜಯ್ಯನ ಮನೆಯಲ್ಲಿ ಗುಟ್ಟಾಗಿ ತಿನ್ನುವ ದೃಶ್ಯ ಇಡೀ ಧರ್ಮಚರ್ಚೆಯ ಅಡಿಪಾಯವನ್ನು ತೋರಿಸಿಕೊಡುತ್ತದೆ. ಅವನು ಕೆಟ್ಟವನಲ್ಲ. ಬಡವ, ಶ್ರಾದ್ಧ-ತಿಥಿಗಳ ಊಟದ ಮೇಲೆ ಬದುಕುವವನು. ಇಲ್ಲಿ ಹಸಿವು ಯಾವ ತತ್ತ್ವದ ಸಂಕೇತವೂ ಅಲ್ಲ, ಹಸಿವೇ.

ಹೆಣದ ಪಕ್ಕಕ್ಕೆ ಬಂದು ಕೂಡುವ ಎರಡನೆಯ ಸಂಕೇತ ಚಿನ್ನ. ಸಂಸ್ಕಾರದ ಖರ್ಚಿಗೆಂದು ಚಂದ್ರಿ ತನ್ನ ಮೈಮೇಲಿನ ಒಡವೆಗಳನ್ನು ಬಿಚ್ಚಿ ಆಚಾರ್ಯನ ಮುಂದೆ ಇಡುತ್ತಾಳೆ. ಅದುವರೆಗೆ ಯಾರಿಗೂ ಬೇಡವಾಗಿದ್ದ ಕರ್ಮಕ್ಕೆ ಒಮ್ಮೆಲೇ ಹಕ್ಕುದಾರರು ಹುಟ್ಟುತ್ತಾರೆ. ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ನಡುವೆ ಪೈಪೋಟಿ ನಡೆಯುತ್ತದೆ. ಒಂದೇ ವಸ್ತು ಕೊಡುವವಳ ಕೈಯಲ್ಲಿ ಋಣಸಂದಾಯ, ನೋಡುವವರ ಕಣ್ಣಿನಲ್ಲಿ ಆಸೆ. ವೇಶ್ಯೆಯೆಂದು ಕರೆಸಿಕೊಂಡವಳು ಲೆಕ್ಕ ಹಾಕುವುದಿಲ್ಲ, ಶ್ರೋತ್ರಿಯರು ಹಾಕುತ್ತಾರೆ. ಲೇಖಕರು ಈ ವೈದೃಶ್ಯವನ್ನು ವ್ಯಾಖ್ಯಾನಿಸುವುದಿಲ್ಲ. ಒಡವೆ ನೆಲದ ಮೇಲಿದೆ, ಕಣ್ಣುಗಳು ಅದರ ಮೇಲಿವೆ, ಅಷ್ಟು ಸಾಕಾಗುತ್ತದೆ.

ಮೂರನೆಯದು ಹೂವು. ಅಗ್ರಹಾರದ ಹಿತ್ತಿಲುಗಳಲ್ಲಿ ಹೂವು ಬೆಳೆಯುವುದು ದೇವರ ಪೂಜೆಗೆ. ನಾರಣಪ್ಪನ ಅಂಗಳದಲ್ಲಿ ರಾತ್ರಿರಾಣಿ ಅರಳುವುದು ಚಂದ್ರಿಯ ಮುಡಿಗೆ. ಕೊನೆಗೆ ಶಾಸ್ತ್ರಗ್ರಂಥಗಳಲ್ಲಿ ಉತ್ತರ ಸಿಗದ ಆಚಾರ್ಯನು ಮಾರುತಿಯ ಗುಡಿಗೆ ಹೋಗಿ, ಹೂವಿನ ಪ್ರಸಾದದ ಮೂಲಕ ದೇವರ ಅಪ್ಪಣೆಯನ್ನು ಬೇಡಿ ಇಡೀ ದಿನ ಕಾಯುತ್ತಾನೆ. ಹೂವು ಬೀಳುವುದಿಲ್ಲ. ದೇವರು ಕೊಡದ ಉತ್ತರದ ಭಾರವನ್ನು ಹೊತ್ತು ಕತ್ತಲಲ್ಲಿ ಮರಳುವಾಗ ಕಾಡಿನಲ್ಲಿ ಚಂದ್ರಿಯ ಸಂಗವಾಗುತ್ತದೆ. ಬೀಳದ ಹೂವು ಮತ್ತು ಮುಡಿದ ಹೂವು ಇವೆರಡರ ನಡುವೆ ಆಚಾರ್ಯನ ಬದುಕು ಎರಡಾಗಿ ಸೀಳುತ್ತದೆ.

5

‘ಸಂಸ್ಕಾರ’ ಸಂಕೇತಗಳನ್ನು ಬಳಸುವುದರ ಜೊತೆಗೆ ಸಂಕೇತಗಳನ್ನು ಓದುವ ಅಭ್ಯಾಸವನ್ನೇ ಪರೀಕ್ಷೆಗೆ ಒಡ್ಡುತ್ತದೆ. ಇದು ಅದರ ವಿಶೇಷ, ಮತ್ತು ಸಾಕಷ್ಟು ಗಮನ ಸೆಳೆಯದ ಅಂಶ.

ನಾರಣಪ್ಪ ಸತ್ತ ಮೇಲೆ ಅಗ್ರಹಾರದಲ್ಲಿ ಇಲಿಗಳು ಸತ್ತು ಬೀಳತೊಡಗುತ್ತವೆ. ಅವನ್ನು ತಿನ್ನಲು ಹದ್ದುಗಳು ಬಂದು ಮನೆಗಳ ಮೇಲೆ ಕೂರುತ್ತವೆ. ಬ್ರಾಹ್ಮಣರು ಹದ್ದು ಕೂತದ್ದನ್ನು ಅಪಶಕುನವೆಂದು ಬಗೆದು ಶಂಖ, ಜಾಗಟೆಗಳ ಸದ್ದಿನಿಂದ ಓಡಿಸುತ್ತಾರೆ. ಶಕುನವನ್ನು ಓದುತ್ತಾರೆ, ಇಲಿಯನ್ನು ಓದುವುದಿಲ್ಲ. ಪ್ಲೇಗು ಎಂಬ ಅರಿವು ಮೂಡುವುದು ಅಗ್ರಹಾರದ ಹೊರಗೆ, ವ್ಯವಹಾರ ಬಲ್ಲ ಮಂಜಯ್ಯನಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು 1898ರಲ್ಲಿ ಬೆಂಗಳೂರನ್ನು ಮುಟ್ಟಿದ ಆ ರೋಗದ ನೆನಪು ಮೈಸೂರು ಸಂಸ್ಥಾನದ ಊರೂರುಗಳಲ್ಲಿ ಮುಂದಿನ ಎಷ್ಟೋ ದಶಕಗಳವರೆಗೆ ಹಸಿಯಾಗಿಯೇ ಇತ್ತು. ಇಲಿ ಸತ್ತರೆ ಊರು ಬಿಡಬೇಕೆಂಬುದು ಅನುಭವ ಕಲಿಸಿದ ಪಾಠ. ಅಗ್ರಹಾರ ಅದನ್ನು ಮರೆತದ್ದು ಅಜ್ಞಾನದಿಂದ ಮಾತ್ರವಲ್ಲ. ಎದುರಿಗಿರುವ ವಸ್ತುವನ್ನು ದಾಟಿ ಅದರ ಹಿಂದಿನ ಅರ್ಥಕ್ಕೆ ಹಾರುವ ಅಭ್ಯಾಸವೇ ಅದರ ಕಣ್ಣನ್ನು ಕಟ್ಟಿತು. ನಾರಣಪ್ಪನ ಪಾಪದ ಫಲವೆಂದು ಅವರು ವ್ಯಾಖ್ಯಾನಿಸುತ್ತಿರುವಾಗ ರೋಗ ತನ್ನ ಪಾಡಿಗೆ ಹರಡುತ್ತಿತ್ತು. ಪ್ಲೇಗನ್ನು ಅಗ್ರಹಾರದ ನೈತಿಕ ಕೊಳೆತಕ್ಕೆ ಅನ್ಯೋಕ್ತಿಯೆಂದು ಸರಳವಾಗಿ ಬರೆಯುವ ವಿಮರ್ಶೆ ಕೂಡ ಗೊತ್ತಿಲ್ಲದೆಯೇ ಆ ಬ್ರಾಹ್ಮಣರ ಓದನ್ನೇ ಪುನರಾವರ್ತಿಸುತ್ತದೆ. ಪ್ಲೇಗು ಪಾಪಿಗಳನ್ನು ಆರಿಸಿ ಕೊಲ್ಲಲಿಲ್ಲ. ಹೊಲಗೇರಿಯ ಬಡವರನ್ನು ಕೊಂದಿತು, ಯಾರಿಗೂ ಕೇಡು ಬಗೆಯದ ಭಾಗೀರಥಿಯನ್ನೂ ಕೊಂದಿತು.

ಶಾಕುಂತಲದ ಪ್ರಸಂಗವೂ ಓದಿನ ಪ್ರಶ್ನೆಯನ್ನೇ ಎತ್ತುತ್ತದೆ. ಆಚಾರ್ಯನು ಪುರಾಣ-ಕಾವ್ಯಗಳನ್ನು ಸೊಗಸಾಗಿ ವಿವರಿಸುತ್ತಾನೆ. ಅವನ ಮಟ್ಟಿಗೆ ಶೃಂಗಾರವು ಧರ್ಮಬೋಧೆಯ ಹೊದಿಕೆ. ಆದರೆ ಶಕುಂತಲೆಯ ವರ್ಣನೆಯನ್ನು ಕೇಳಿದ ಶ್ರೀಪತಿ ಎದ್ದು ಹೋಗುವುದು ಹೊಲಗೇರಿಯ ಬೆಳ್ಳಿಯ ಬಳಿಗೆ. ನಾರಣಪ್ಪ ಬದುಕಿದ್ದಾಗ ಆಚಾರ್ಯನ ಮುಖಕ್ಕೇ ಈ ಬಗೆಯ ಪರಿಣಾಮವನ್ನು ಎತ್ತಿ ಆಡಿದ್ದ. ಆಚಾರ್ಯನು ಕಾವ್ಯವನ್ನು ಅನ್ಯೋಕ್ತಿಯಾಗಿ ಓದಿ ಅದರ ಮೈಯನ್ನು ಕಳೆದುಕೊಂಡಿದ್ದಾನೆ. ಶ್ರೀಪತಿ ಮೈಯನ್ನು ಮಾತ್ರ ಕೇಳಿಸಿಕೊಂಡಿದ್ದಾನೆ. ಎರಡೂ ಅರೆ ಓದುಗಳು.

6

ಹಾಗಾದರೆ ಕಥೆಯ ಮೂಲ ಸಮಸ್ಯೆ, ಹೆಣದ ಸಂಸ್ಕಾರ, ಪರಿಹಾರವಾಗುವುದು ಹೇಗೆ? ಈ ಪ್ರಶ್ನೆಗೆ ಕಾದಂಬರಿ ಕೊಡುವ ಉತ್ತರ ಅನ್ಯೋಕ್ತಿಯ ಚೌಕಟ್ಟನ್ನು ಒಡೆಯುತ್ತದೆ. ಕಾಡಿನಿಂದ ಮರಳಿದ ಚಂದ್ರಿ ಬ್ರಾಹ್ಮಣರ ತೀರ್ಮಾನಕ್ಕೆ ಕಾಯುವುದಿಲ್ಲ. ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯನ್ನು ಕರೆತರುತ್ತಾಳೆ. ಕಷ್ಟಕಾಲದಲ್ಲಿ ಎತ್ತು ಕೊಳ್ಳಲು ನಾರಣಪ್ಪ ನೆರವಾಗಿದ್ದನೆಂಬ ಕೃತಜ್ಞತೆ ಅವನಿಗಿದೆ. ರಾತ್ರೋರಾತ್ರಿ ಗಾಡಿಯಲ್ಲಿ ಹೆಣವನ್ನು ಸಾಗಿಸಿ ಸುಡಲಾಗುತ್ತದೆ. ಚಂದ್ರಿ ತನ್ನ ಗಂಟನ್ನು ಎತ್ತಿಕೊಂಡು ಕುಂದಾಪುರದ ದಾರಿ ಹಿಡಿಯುತ್ತಾಳೆ. ಇದು ಅಗ್ರಹಾರಕ್ಕೆ ತಿಳಿಯುವುದಿಲ್ಲ. ಇಲ್ಲದ ಹೆಣದ ಪರಿಹಾರಕ್ಕಾಗಿ ಬ್ರಾಹ್ಮಣರು ಊರಿಂದೂರಿಗೆ, ಮಠದವರೆಗೆ ಅಲೆಯುತ್ತಾರೆ.

ಕಾದಂಬರಿಯ ನಡುವೆಯೇ, ನಾಯಕನ ಅರಿವಿಗೆ ಬಾರದೆ, ಶಾಸ್ತ್ರ ಬಲ್ಲವರಾರೂ ಇಲ್ಲದೆ ಪ್ರಶ್ನೆ ಮುಗಿದುಹೋಗಿದೆ. ಅದೇ ಹೊತ್ತಿಗೆ ಹೊಲಗೇರಿಯಲ್ಲಿ ಜ್ವರದಿಂದ ಸತ್ತವರನ್ನು ಅವರ ಗುಡಿಸಲಿನೊಡನೆಯೇ ಸುಡಲಾಗುತ್ತದೆ. ಆಚಾರ್ಯನೂ ಭಾಗೀರಥಿಯ ದಹನವನ್ನು ಯಾರ ಅಪ್ಪಣೆಗೂ ಕಾಯದೆ ಮಾಡಿ ಊರು ಬಿಡುತ್ತಾನೆ. ಈ ಮೂರು ಚಿತೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕೃತಿಯ ಸಾಮಾಜಿಕ ದರ್ಶನ ಸ್ಪಷ್ಟವಾಗುತ್ತದೆ. ಸತ್ತವರನ್ನು ಗೌರವದಿಂದ ಕಳಿಸಿಕೊಡುವುದು ಋಣ, ಪ್ರೀತಿ, ಅಗತ್ಯ ಇವುಗಳ ಕೆಲಸ. ಅದನ್ನು ಅಧಿಕಾರದ ಪ್ರಶ್ನೆಯಾಗಿ ಮಾಡಿಕೊಂಡ ಸಮಾಜ ತನ್ನ ಸತ್ತವರನ್ನೂ ಬದುಕಿರುವವರನ್ನೂ ಕಳೆದುಕೊಳ್ಳುತ್ತದೆ.

ಚಂದ್ರಿಯನ್ನು ಪ್ರಕೃತಿ, ಭೂಮಿ, ಮಾಯೆ ಎಂದು ಗುರುತಿಸುವ ಓದು ಈ ಕ್ರಿಯೆಯನ್ನು ಕಾಣಲಾರದು. ಪ್ರಕೃತಿ ಗಾಡಿ ಹುಡುಕಲು ರಾತ್ರಿಯಲ್ಲಿ ಹೊರಡುವುದಿಲ್ಲ; ಆ ಕೆಲಸಕ್ಕೆ ಬುದ್ಧಿ, ಧೈರ್ಯ, ಕರ್ತವ್ಯಪ್ರಜ್ಞೆಗಳು ಬೇಕು. ಅದೇ ಸಮಯದಲ್ಲಿ ಕೃತಿಯ ಮಿತಿಯನ್ನೂ ಮರೆಮಾಚಬಾರದು. ಚಂದ್ರಿ, ಬೆಳ್ಳಿ, ಮೇಳಿಗೆಯಲ್ಲಿ ಎದುರಾಗುವ ಪದ್ಮಾವತಿ ಈ ಮೂವರೂ ಶೂದ್ರ ಅಥವಾ ದಲಿತ ಹೆಣ್ಣುಗಳು. ಮೂವರೂ ತುಂಬುಮೈಯ ಚೆಲುವೆಯರಾಗಿ, ಬತ್ತಿದ ಬ್ರಾಹ್ಮಣ ಸ್ತ್ರೀಯರಿಗೆ ಎದುರಾಗಿ ಚಿತ್ರಿತರಾಗಿದ್ದಾರೆ. ದಲಿತ ಮತ್ತು ಸ್ತ್ರೀವಾದಿ ಚಿಂತನೆಗಳು ಕನ್ನಡದಲ್ಲಿ ಬಲಗೊಂಡ ಮೇಲೆ ಈ ಚಿತ್ರಣ ಪ್ರಶ್ನೆಗೆ ಒಳಗಾದದ್ದು ಸಹಜ. ಬೆಳ್ಳಿಯ ಬಡತನ, ಅವಳ ಕೇರಿಯ ಸಾವು ಇವು ಕಾದಂಬರಿಯ ಅಂಚಿನಲ್ಲಿಯೇ ಉಳಿಯುತ್ತವೆ. ಅಲ್ಲಿ ಸಂಕೇತ ವ್ಯಕ್ತಿಯನ್ನು ನುಂಗಿದೆ. ಚಂದ್ರಿಯ ವಿಷಯದಲ್ಲಿ ಮಾತ್ರ, ಆ ಒಂದು ರಾತ್ರಿಯ ಕೆಲಸದಿಂದಾಗಿ, ವ್ಯಕ್ತಿ ಸಂಕೇತವನ್ನು ಮೀರಿ ನಿಲ್ಲುತ್ತಾಳೆ.

7

ಕೊನೆಯ ಭಾಗದಲ್ಲಿ ಅನ್ಯೋಕ್ತಿಯ ಧಾಟಿ ಮತ್ತೆ ಗಟ್ಟಿಯಾಗುತ್ತದೆ. ದಾರಿಯಲ್ಲಿ ಗಂಟುಬೀಳುವ ಮಾಲೇರರ ಪುಟ್ಟ ಬಿಟ್ಟರೂ ಬಿಡದ ಮಾತುಗಾರ. ಬ್ರಾಹ್ಮಣ ರಕ್ತವೂ ಶೂದ್ರ ರಕ್ತವೂ ಕೂಡಿದ ಕುಲದವನಾದ ಅವನು ಎರಡು ಲೋಕಗಳ ಗಡಿಯಲ್ಲಿ ನಿಂತವನು. ಆಚಾರ್ಯನನ್ನು ಜಾತ್ರೆಯ ಲೋಕದೊಳಕ್ಕೆ ಕೈಹಿಡಿದು ನಡೆಸುತ್ತಾನೆ. ಕಾಫಿಯ ಅಂಗಡಿ, ದೊಂಬರಾಟ, ಕೋಳಿ ಅಂಕ ಇವುಗಳ ನಡುವೆ ಆಚಾರ್ಯನು ಗೊತ್ತುಗುರಿಯಿಲ್ಲದ ಪ್ರೇತದಂತೆ ಸುತ್ತುತ್ತಾನೆ. ಕತ್ತಿ ಕಟ್ಟಿದ ಕೋಳಿಗಳ ಕಾಳಗವನ್ನು ನೋಡುವ ಜನರ ಕ್ರೂರ ತನ್ಮಯತೆ ಅವನಿಗೆ ನರಕದರ್ಶನದಂತೆ ತೋರುತ್ತದೆ. ಆದರೆ ಅದು ಪುಟ್ಟನಿಗೆ ಒಂದು ಮಧ್ಯಾಹ್ನದ ಸಂತೋಷ. ನರಕವಿರುವುದು ಅಂಕದ ಕಣದಲ್ಲಿಯೋ ನೋಡುವವನ ಮನಸ್ಸಿನಲ್ಲಿಯೋ ಎಂಬುದನ್ನು ಕಾದಂಬರಿ ತೀರ್ಮಾನಿಸುವುದಿಲ್ಲ.

ಹೆಂಡತಿಯ ಸೂತಕದಲ್ಲಿರುವ ಆಚಾರ್ಯನು ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕೂರುತ್ತಾನೆ. ಗುರುತು ಸಿಕ್ಕಿತೆಂಬ ಭಯದಿಂದ ಎದ್ದು ಓಡುತ್ತಾನೆ. ಹೆಣವಿದ್ದ ಊರಿನಲ್ಲಿ ಉಣ್ಣದೆ ಉಳಿದವನು ಈಗ ಸೂತಕದಲ್ಲಿ ಉಣ್ಣಲು ಕೂತಿದ್ದಾನೆ. ಮೊದಲ ಭಾಗದ ಹಸಿವು ಇಲ್ಲಿ ತಿರುಗಿ ಬಂದಿದೆ. ದಾಸಾಚಾರ್ಯನು ಗುಟ್ಟಾಗಿ ಮಾಡಿದ್ದನ್ನು ಆಚಾರ್ಯನು ಪಂಕ್ತಿಯ ನಡುವೆಯೇ ಮಾಡಿದ್ದಾನೆ. ಅಗ್ರಹಾರದ ಅತ್ಯಂತ ಬಡ ಬ್ರಾಹ್ಮಣನೂ ಅತ್ಯಂತ ದೊಡ್ಡ ಪಂಡಿತನೂ ಒಂದೇ ಎಲೆಯ ಮುಂದೆ ಸಮಾನರಾಗುವ ಈ ಕ್ಷಣ ಆತ್ಮಯಾತ್ರೆಯ ಓದಿನಲ್ಲಿ ತಪ್ಪಿಹೋಗುವಂಥದು.

ಕಾದಂಬರಿ ಮುಗಿಯುವಾಗ ಆಚಾರ್ಯನು ಗಾಡಿಯಲ್ಲಿ ಕೂತಿದ್ದಾನೆ, ಪ್ರಯಾಣ ಇನ್ನೂ ಉಳಿದಿದೆ. ತನ್ನ ಕಥೆಯನ್ನು ಊರವರ ಮುಂದೆ ಹೇಳುತ್ತಾನೆಯೇ, ಹೇಳಿದರೆ ಅವರು ಕೇಳುತ್ತಾರೆಯೇ ಎಂಬುದು ತಿಳಿಯುವುದಿಲ್ಲ. ಶುದ್ಧ ಅನ್ಯೋಕ್ತಿಗೆ ಇಂಥ ಮುಕ್ತಾಯ ಸಲ್ಲದು. ಅದರ ಪಯಣಿಗ ಗುರಿ ಸೇರಲೇಬೇಕು. ‘ಸದ್ಧರ್ಮ ವಿಜಯ’ವೆಂದು 1899ರಲ್ಲಿ ಹೇಳಬಹುದಾಗಿದ್ದ ಮಾತನ್ನು 1965ರಲ್ಲಿ ಹೇಳಲು ಬರುತ್ತಿರಲಿಲ್ಲ. ಯಾವುದು ಸದ್ಧರ್ಮ, ಯಾರ ವಿಜಯ ಎಂಬ ಪ್ರಶ್ನೆಗಳೇ ಆ ವೇಳೆಗೆ ಕಾದಂಬರಿಯ ವಸ್ತುವಾಗಿದ್ದವು.

8

ಒಟ್ಟಿನಲ್ಲಿ, ‘ಸಂಸ್ಕಾರ’ ಅನ್ಯೋಕ್ತಿಯ ಎಲ್ಲ ಉಪಕರಣಗಳನ್ನೂ ಕೈಗೆತ್ತಿಕೊಂಡು, ಅವುಗಳಿಂದ ಕಟ್ಟಿದ ಮನೆಯ ಗೋಡೆಗಳಲ್ಲಿ ತಾನೇ ಬಿರುಕು ಬಿಡುವ ಕೃತಿ. ಹೆಸರುಗಳು, ಜೋಡಿ ಪಾತ್ರಗಳು, ಯಾತ್ರೆಯ ವಿನ್ಯಾಸ ಇವು ಓದುಗನನ್ನು ತತ್ತ್ವದ ಕಡೆಗೆ ಎಳೆಯುತ್ತವೆ. ಹಸಿವು, ಇಲಿ, ಒಡವೆ, ಮೀನಿನ ವ್ಯಾಪಾರಿಯ ಗಾಡಿ ಇವು ಮತ್ತೆ ನೆಲಕ್ಕೆ ತರುತ್ತವೆ. ಈ ಎಳೆತವನ್ನು ಉಳಿಸಿಕೊಂಡು ಓದುವುದೇ ವಿದ್ಯಾರ್ಥಿಯ ಮುಂದಿರುವ ಕೆಲಸ. ಸಂಕೇತವನ್ನು ಬಿಡಿಸುವ ಮೊದಲು ಆ ವಸ್ತು ಆ ಸಮಾಜದಲ್ಲಿ ಏನು ಕೆಲಸ ಮಾಡುತ್ತಿತ್ತು, ಅದನ್ನು ಯಾರು ಹೊತ್ತರು, ಯಾರು ದೂರ ನಿಂತು ಅರ್ಥ ಹೇಳಿದರು ಎಂದು ಕೇಳಿಕೊಂಡರೆ ಅರ್ಧ ದಾರಿ ಸವೆದಂತೆ. ದೂರ್ವಾಸಪುರದಲ್ಲಿ ಹೆಣದ ಅರ್ಥವನ್ನು ಚರ್ಚಿಸಿದವರು ಅನೇಕರು. ಹೆಣವನ್ನು ಹೊತ್ತವರು ಇಬ್ಬರು. ಆ ಇಬ್ಬರ ಹೆಸರು ವಿಮರ್ಶೆಯ ಪುಟಗಳಲ್ಲಿಯೂ ಅಡಿಯಲ್ಲಿ ಉಳಿಯದಿರುವಂತೆ ನೋಡಿಕೊಳ್ಳುವುದು ಈ ಕಾದಂಬರಿಯನ್ನು ಪಾಠ ಮಾಡುವವರ ಹೊಣೆ.